ಏಡಿಯ ಕಾಲಿನ ಬ್ರೇಕು: ಜಿಗಣೆ, ನೊಣ, ಕಾಕಮಾರಿ ಮತ್ತು ಪಡ್ರೆ

  ಇದು ಈ ವಾರದ ಮಾತಿನ ಬರಹ ರೂಪ. ಒಂದೆರಡು ಇಸವಿ, ಹೆಸರು ಇಲ್ಲಿ ಹೆಚ್ಚಿಗೆ ಸೇರಿಸಿದ್ದೀನಿ.

ಇವತ್ತಿನ ವಿಷಯ ಕೇಳೋಕೆ ಒಣಕಲು. ಬೆನ್ನೆಲುಬಿಲ್ಲದ ಪ್ರಾಣಿಗಳ ಸ್ನಾಯುವಿನೊಳಗೆ ವಿದ್ಯುತ್ತು ಹೇಗೆ ಏರುತ್ತೆ, ಹೇಗೆ ಇಳಿಯುತ್ತೆ, ನರದಿಂದ ಸುರಿಯೋ ರಾಸಾಯನಿಕ ಅದಕ್ಕೆ ಏನು ಮಾಡುತ್ತೆ, ಇದನ್ನ ಮನುಷ್ಯ ಕಂಡುಹಿಡಿದ ಇತಿಹಾಸ. ಆದ್ರೆ ಈ ಒಣಕಲು ವಿಷಯದ ಒಂದು ತುದಿ ಕಾಸರಗೋಡಿನ ಗೇರುತೋಟದಲ್ಲಿದೆ, ಇನ್ನೊಂದು ತುದಿ ನಾವಿರೋ ಇದೇ ದೆಹಲಿಯ ಸುಪ್ರೀಂ ಕೋರ್ಟಿನಲ್ಲಿದೆ. ನಡುವೆ ಪೂಸಾ ಬರುತ್ತೆ, ಬೆಂಗಳೂರಿನ ಜಿಕೆವಿಕೆ ಬರುತ್ತೆ, ಗೋಬಿ ಮಂಚೂರಿ ಕೂಡ ಬರುತ್ತೆ. ಸ್ವಲ್ಪ ತಾಳ್ಮೆ ಇರಲಿ.

ಮೊದಲು ಬೇಕಾದಷ್ಟೇ ವಿಜ್ಞಾನ. ಸ್ನಾಯುವಿನ ಒಂದು ಕೋಶ ತಗೊಳ್ಳಿ. ಅದರ ಸುತ್ತ ತೆಳುವಾದ ಪೊರೆ. ಸುಮ್ಮನಿದ್ದಾಗ ಪೊರೆಯ ಒಳಗಡೆ ಹೊರಗಿಗಿಂತ ಸುಮಾರು 70 ಮಿಲಿವೋಲ್ಟ್ ಕಡಿಮೆ ಇರುತ್ತೆ. ಗೋಡೆ ಗಡಿಯಾರಕ್ಕೆ ಹಾಕೋ ಒಂದೂವರೆ ವೋಲ್ಟಿನ ಸೆಲ್ ಇದೆಯಲ್ಲ, ಅದರ ಇಪ್ಪತ್ತರಲ್ಲಿ ಒಂದು ಪಾಲು. ಪೊರೆಯಲ್ಲಿ ಸಣ್ಣ ಸಣ್ಣ ಬಾಗಿಲುಗಳಿವೆ, ಚಾನೆಲ್ ಅಂತಾರೆ. ಪ್ಲಸ್ ಚಾರ್ಜಿನ ಸೋಡಿಯಂ ಒಳಗೆ ನುಗ್ಗೋ ಬಾಗಿಲು ತೆರೆದ್ರೆ ಆ ವ್ಯತ್ಯಾಸ ಅಳಿಯುತ್ತೆ, ಸ್ನಾಯು ಬಿಗಿಯಾಗುತ್ತೆ. ಕ್ಲೋರೈಡ್ ಓಡಾಡೋ ಬಾಗಿಲು ತೆರೆದ್ರೆ ಉಲ್ಟಾ. ಕೋಶವನ್ನ ಅದು ಇದ್ದಲ್ಲೇ ಹಿಡಿದು ಕೂರಿಸುತ್ತೆ, ಬಿಗಿಯಾಗೋಕೆ ಬಿಡಲ್ಲ. ಮೊದಲನೆಯದು ಆಕ್ಸಿಲರೇಟರು, ಎರಡನೆಯದು ಬ್ರೇಕು. ಇವತ್ತಿನ ಕತೆಗೆ ಇಷ್ಟು ಸಾಕು.

ಇನ್ನು ನರ. ಅದು ಸ್ನಾಯುವಿಗೆ ತಂತಿಯ ಹಾಗೆ ಬೆಸೆದುಕೊಂಡಿಲ್ಲ. ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಸಂದು ಇದೆ. ನರದ ತುದಿ ಆ ಸಂದಿಗೆ ರಾಸಾಯನಿಕ ಸುರಿಸುತ್ತೆ, ಆಚೆ ಕಡೆ ಸ್ನಾಯುವಿನ ಬಾಗಿಲು ತೆರೆಯುತ್ತೆ. ಆ ರಾಸಾಯನಿಕವೇ ನ್ಯೂರೋಟ್ರಾನ್ಸ್‌ಮಿಟರ್. ಇವತ್ತು ಶಾಲೆ ಪುಸ್ತಕದಲ್ಲೇ ಇರೋ ಈ ಮಾತಿಗೆ 20ನೇ ಶತಮಾನದ ಮೊದಲ ಅರ್ಧದಲ್ಲಿ ಜಗಳವೇ ನಡೆದಿತ್ತು. ನರದಿಂದ ನೇರವಾಗಿ ಕಿಡಿ ದಾಟುತ್ತೆ ಅನ್ನೋರು ಒಂದು ಕಡೆ, ರಸ ಸುರಿಯುತ್ತೆ ಅನ್ನೋರು ಇನ್ನೊಂದು ಕಡೆ.

1921ರಲ್ಲಿ ಆಸ್ಟ್ರಿಯಾದ ಒಟ್ಟೊ ಲೋವಿ ಕಪ್ಪೆಯ ಹೃದಯದ ಮೇಲೆ ಪ್ರಯೋಗ ಮಾಡಿದರು. ಒಂದು ಹೃದಯದ ನರಕ್ಕೆ ಪ್ರಚೋದನೆ ಕೊಟ್ಟು ಬಡಿತ ನಿಧಾನ ಮಾಡಿಸಿದರು, ಆ ಹೃದಯವನ್ನು ತೊಳೆದ ದ್ರವ ತೆಗೆದು ಇನ್ನೊಂದು ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯ್ತು. ಅಂದ್ರೆ ದ್ರವದಲ್ಲಿ ಏನೋ ಇತ್ತು. ಆ ‘ಏನೋ’ ಅಸಿಟೈಲ್‌ಕೋಲಿನ್ ಅಂತ ಆಮೇಲೆ ಗೊತ್ತಾಯ್ತು. ಆದ್ರೆ ಹೃದಯದ ಮಾತು ಬೇರೆ. ಕೈಕಾಲು ಆಡಿಸೋ ಸ್ನಾಯುವಿನಲ್ಲಿ, ಕ್ಷಣದೊಳಗೆ ಮುಗಿಯೋ ಕೆಲಸದಲ್ಲಿ, ಇಂಥ ರಸ ಸುರಿಯುತ್ತೆ ಅಂತ ತೋರಿಸೋದು ಹೇಗೆ? ಸುರಿಯೋದು ಅತಿ ಕಡಿಮೆ. ಸುರಿದ ಕ್ಷಣಕ್ಕೆ ಅಲ್ಲೇ ಇರೋ ಒಂದು ಕಿಣ್ವ, ಕೋಲಿನೆಸ್ಟರೇಸ್, ಅದನ್ನ ಮುರಿದುಹಾಕುತ್ತೆ. ಅಷ್ಟು ಸಣ್ಣ ಪ್ರಮಾಣ ಅಳೆಯೋ ಯಂತ್ರ ಆಗ ಯಾರ ಹತ್ರಾನೂ ಇರಲಿಲ್ಲ.

ಯಂತ್ರ ಇರಲಿಲ್ಲ, ಜಿಗಣೆ ಇತ್ತು.

ಮಲೆನಾಡಿನವರಿಗೆ ಪರಿಚಯ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ತೋಟಕ್ಕೆ ಹೋಗಿ ಬಂದರೆ ಬೆರಳ ಸಂದಿಯಲ್ಲಿ ಕೂತಿರೋ ಇಂಬಳ ಇದೆಯಲ್ಲ, ಅದರ ನೀರಿನ ದಾಯಾದಿ. ಜಿಗಣೆಯ ಬೆನ್ನಿನ ಸ್ನಾಯುವನ್ನ ಒಂದು ಪಟ್ಟಿಯಾಗಿ ಕತ್ತರಿಸಿ, ಎಸೆರಿನ್ ಬೆರೆಸಿದ ದ್ರವದಲ್ಲಿ ತೂಗುಹಾಕ್ತಾರೆ. ಎಸೆರಿನ್ ಅನ್ನೋದು ಪಶ್ಚಿಮ ಆಫ್ರಿಕಾದ ಕ್ಯಾಲಬಾರ್ ಕಾಳಿನ ವಿಷ. ಅಲ್ಲಿ ಆರೋಪಿಗೆ ಆ ಕಾಳಿನ ರಸ ಕುಡಿಸಿ, ಬದುಕಿದರೆ ನಿರಪರಾಧಿ ಅನ್ನೋ ಪದ್ಧತಿ ಇತ್ತು. ಅದು ಕೋಲಿನೆಸ್ಟರೇಸನ್ನ ಕಟ್ಟಿಹಾಕುತ್ತೆ. ಮುರಿಯೋರು ಇಲ್ಲದ ಮೇಲೆ ಅಸಿಟೈಲ್‌ಕೋಲಿನ್ ಹಾಗೇ ಉಳಿಯುತ್ತೆ. ಆಗ ಕೋಟಿಗಟ್ಟಲೆ ಭಾಗ ನೀರಿಗೆ ಒಂದು ಭಾಗ ಇದ್ದರೂ ಜಿಗಣೆಯ ಪಟ್ಟಿ ಬಿಗಿಯಾಗುತ್ತೆ. ಹಿಂದೆ ಕಟ್ಟಿದ ಕಡ್ಡಿ ಮಸಿ ಬಳಿದ ಉರುಳೆಯ ಮೇಲೆ ಗೆರೆ ಎಳೆಯುತ್ತೆ.

ಈ ವಿದ್ಯೆಯನ್ನ ಬರ್ಲಿನ್‌ನಲ್ಲಿ ಬ್ರೂನೊ ಮಿಂಟ್ಸ್ ಮತ್ತು ವಿಲ್ಹೆಲ್ಮ್ ಫೆಲ್ಡ್‌ಬರ್ಗ್ ಪಳಗಿಸಿಕೊಂಡಿದ್ದರು. 1933ರ ಏಪ್ರಿಲ್‌ನಲ್ಲಿ ಹಿಟ್ಲರನ ಸರ್ಕಾರ ಯೆಹೂದ್ಯರನ್ನ ವಿಶ್ವವಿದ್ಯಾಲಯಗಳಿಂದ ಕಿತ್ತುಹಾಕಿತು, ಫೆಲ್ಡ್‌ಬರ್ಗ್ ಕೆಲಸವೂ ಹೋಯ್ತು. ಅವರು ಲಂಡನ್ನಿಗೆ, ಹೆನ್ರಿ ಡೇಲ್ ಅವರ ಪ್ರಯೋಗಾಲಯಕ್ಕೆ ಬಂದರು. ಜೊತೆಗೆ ತಂದ ಆಸ್ತಿ ಅಂದ್ರೆ ಈ ಜಿಗಣೆಯ ಕೈಚಳಕ. 1936ರಲ್ಲಿ ಡೇಲ್, ಫೆಲ್ಡ್‌ಬರ್ಗ್ ಮತ್ತು ಜರ್ಮನಿ ಬಿಟ್ಟು ಬಂದಿದ್ದ ಮಾರ್ಥೆ ಫೋಗ್ಟ್ ಸೇರಿ, ಸ್ನಾಯು ಆಡಿಸೋ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಹೊರಬರುತ್ತೆ ಅಂತ ತೋರಿಸಿದರು. ಡೇಲ್ ಮತ್ತು ಲೋವಿಗೆ ಅದೇ ವರ್ಷ ನೊಬೆಲ್. ಎರಡು ವರ್ಷಕ್ಕೆ ನಾಜಿಗಳು ಆಸ್ಟ್ರಿಯಾಕ್ಕೆ ನುಗ್ಗಿದಾಗ ಲೋವಿ ಜೈಲಿಗೆ ಹೋದರು. ನೊಬೆಲ್ ಹಣ ಬರೆದುಕೊಟ್ಟ ಮೇಲೇ ಅವರಿಗೆ ದೇಶ ಬಿಡೋಕೆ ಸಿಕ್ಕಿದ್ದು.

1936ರ ಡಿಸೆಂಬರ್ ಇನ್ನೊಂದು ಕಾರಣಕ್ಕೂ ನೆನಪಿಡಬೇಕಾದ ತಿಂಗಳು. ಸ್ಟಾಕ್‌ಹೋಮ್‌ನಲ್ಲಿ ಡೇಲ್ ಮತ್ತು ಲೋವಿ ಪದಕ ತಗೊಂಡ ಎರಡೇ ವಾರಕ್ಕೆ, ಜರ್ಮನಿಯ ಗೆರ್ಹಾರ್ಡ್ ಶ್ರಾಡರ್ ಕೀಟನಾಶಕ ಹುಡುಕ್ತಾ ಹುಡುಕ್ತಾ ಟಾಬುನ್ ಅನ್ನೋ ಪದಾರ್ಥ ತಯಾರಿಸಿದರು. ಅದೇ ಕೋಲಿನೆಸ್ಟರೇಸನ್ನ ಕಟ್ಟಿಹಾಕೋ ವಿಷ, ಆದ್ರೆ ಎಸೆರಿನ್ ಥರ ಬಿಟ್ಟುಕೊಡೋದಲ್ಲ. ಅದು ಯುದ್ಧದ ವಿಷಾನಿಲವಾಯ್ತು. ಅದರ ಸೌಮ್ಯ ತಮ್ಮಂದಿರು ಕೀಟನಾಶಕವಾದರು. ಡೆಂಗಿ ಕಾಲದಲ್ಲಿ ಫಾಗಿಂಗ್ ಮಾಡೋಕೆ ಬಳಸ್ತಾ ಬಂದಿರೋ ಮಲಾಥಿಯಾನ್ ಆ ಮನೆತನದ್ದೇ. ಜಿಗಣೆಯ ಪಟ್ಟಿಗೆ ಎಸೆರಿನ್ ಏನು ಮಾಡ್ತೋ, ಸೊಳ್ಳೆಯ ಮೆದುಳಿಗೆ ಮಲಾಥಿಯಾನ್ ಅದನ್ನೇ ಮಾಡುತ್ತೆ.

ಸೊಳ್ಳೆಯ ‘ಮೆದುಳಿಗೆ’ ಅಂದೆ, ಸ್ನಾಯುವಿಗೆ ಅನ್ನಲಿಲ್ಲ. ಅದಕ್ಕೆ ಕಾರಣ ಇದೆ. ಆ ಕಾರಣಕ್ಕೆ ಹೋಗೋಕೆ ಏಡಿಯ ಕಾಲು ಬೇಕು.

ಜಿಗಣೆಯ ಕೆಲಸದಲ್ಲಿ ಕಂಡಿದ್ದು ಸ್ನಾಯು ಎಳೆಯೋದು ಮಾತ್ರ, ಒಳಗಿನ ವಿದ್ಯುತ್ತು ಅಲ್ಲ. ಅದಕ್ಕೆ ಕೋಶದೊಳಗೇ ಕಡ್ಡಿ ಚುಚ್ಚಬೇಕು, ಚುಚ್ಚಿದ್ದು ಕೋಶಕ್ಕೆ ಗೊತ್ತಾಗಬಾರದು. 1940ರ ದಶಕದ ಕೊನೆಗೆ ಗಾಜಿನ ಕೊಳವೆಯನ್ನ ಕಾಯಿಸಿ, ಎಳೆದು, ಕೂದಲಿಗಿಂತ ಎಷ್ಟೋ ಸಣ್ಣ ತುದಿ ಮಾಡಿ, ಉಪ್ಪುನೀರು ತುಂಬಿ ಎಲೆಕ್ಟ್ರೋಡ್ ಮಾಡೋದನ್ನ ಕಲಿತರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಪಾಲ್ ಫ್ಯಾಟ್ ಮತ್ತು ಬರ್ನಾರ್ಡ್ ಕಾಟ್ಸ್ (ಇವರೂ 1935ರಲ್ಲಿ ಲೈಪ್‌ಜಿಗ್ ಬಿಟ್ಟು ಬಂದವರು) ಮೊದಲು ಕಪ್ಪೆಯ ಸ್ನಾಯುವಿಗೆ, ಆಮೇಲೆ ಏಡಿಯ ಸ್ನಾಯುವಿಗೆ ಈ ಗಾಜಿನ ಸೂಜಿ ಚುಚ್ಚಿದರು. ಏಡಿಯ ಫಲಿತಾಂಶ ಅಚ್ಚಾಗಿದ್ದು 1953ರಲ್ಲಿ.

ನಮ್ಮ ತೋಳಿನ ಸ್ನಾಯುವಿಗೆ ಬರೋ ನರ ಒಂದೇ ಮಾತು ಹೇಳುತ್ತೆ: ಬಿಗಿ ಹಿಡಿ. ಸಡಿಲ ಬಿಡಬೇಕಾದ್ರೆ ನರ ಸುಮ್ಮನಾಗುತ್ತೆ, ಅಷ್ಟೇ. ಬ್ರೇಕು ಏನಿದ್ದರೂ ಬೆನ್ನುಹುರಿಯಲ್ಲಿದೆ, ಮೆದುಳಿನಲ್ಲಿದೆ. ಏಡಿ, ಸಿಗಡಿ ಜಾತಿಯವುಗಳಲ್ಲಿ ಹಾಗಲ್ಲ. ಆಕ್ಸಿಲರೇಟರ್ ನರ ಒಂದು, ಬ್ರೇಕ್ ನರ ಇನ್ನೊಂದು, ಎರಡೂ ನೇರ ಸ್ನಾಯುವಿಗೇ ಬರುತ್ತವೆ. ಕ್ರೇಫಿಶ್ ಅನ್ನೋ ಸಿಹಿನೀರಿನ ಪ್ರಾಣಿಯ ಇಕ್ಕಳ ತೆರೆಯೋ ಸ್ನಾಯುವಿಗೆ ಇರೋದೇ ಎರಡು ನರತಂತು, ಒಂದು ಓಡಿಸೋಕೆ, ಒಂದು ನಿಲ್ಲಿಸೋಕೆ. ನಮ್ಮ ಒಂದು ಸ್ನಾಯುವಿಗೆ ನೂರಾರು ತಂತು ಬರುತ್ತವೆ. ಅದು ಎರಡೇ ತಂತುವಿನಲ್ಲಿ ಸಂಸಾರ ನಡೆಸುತ್ತೆ. ಇಂಥ ತಡೆ ಇದೆ ಅಂತ 1887ರಲ್ಲೇ ಬೀಡರ್‌ಮನ್ ಅನ್ನೋರು ಗಮನಿಸಿದ್ದರು. ಆ ನರ ಮಿಡಿದಾಗ ಸ್ನಾಯುವಿನ ಪೊರೆಗೆ ಏನಾಗುತ್ತೆ ಅಂತ ಮಿಲಿವೋಲ್ಟ್ ಲೆಕ್ಕದಲ್ಲಿ ತೋರಿಸಿದ್ದು ಫ್ಯಾಟ್ ಮತ್ತು ಕಾಟ್ಸ್.

ಹಾಗಾದ್ರೆ ಬ್ರೇಕ್ ನರ ಸುರಿಸೋ ರಸ ಯಾವುದು? ಗಾಬಾ ಅನ್ನೋ ಅಮೈನೋ ಆಮ್ಲ ಮೆದುಳಿನಲ್ಲಿದೆ ಅಂತ 1950ರಲ್ಲಿ ಗೊತ್ತಾಗಿತ್ತು, ಏನು ಮಾಡುತ್ತೆ ಅಂತ ಗೊತ್ತಿರಲಿಲ್ಲ. 1957ರಲ್ಲಿ ಕೆನಡಾದಲ್ಲಿ, ದನದ ಮೆದುಳಿನ ಸಾರದಲ್ಲಿದ್ದ, ಕ್ರೇಫಿಶ್ ನರವನ್ನ ಸುಮ್ಮನಾಗಿಸೋ ಅಂಶ ಗಾಬಾ ಅಂತ ಗುರುತಿಸಿದರು. ಆದರೂ ಸಾಕ್ಷಿ ಪೂರ್ತಿಯಾಗಲಿಲ್ಲ. ಹಾರ್ವರ್ಡ್‌ನಲ್ಲಿ ಎಡ್ವರ್ಡ್ ಕ್ರಾವಿಟ್ಸ್ ತಂಡ ಲಾಬ್‌ಸ್ಟರ್‌ಗಳನ್ನ ಹಿಡಿದು, ಓಡಿಸೋ ತಂತು ಬೇರೆ, ನಿಲ್ಲಿಸೋ ತಂತು ಬೇರೆ ಅಂತ ಒಂದೊಂದಾಗಿ ಬಿಡಿಸಿ ಇಟ್ಟಿತು. ಎಂಥ ತಾಳ್ಮೆ ಬೇಕು ಯೋಚಿಸಿ. ನಿಲ್ಲಿಸೋ ತಂತುವಿನಲ್ಲಿ ಗಾಬಾ ಸುಮಾರು ನೂರು ಪಟ್ಟು ಹೆಚ್ಚು. 1966ರಲ್ಲಿ, ಆ ನರವನ್ನ ಮಿಡಿದಾಗ ಗಾಬಾ ನಿಜವಾಗಿಯೂ ಹೊರಬರುತ್ತೆ ಅಂತ ತೋರಿಸಿದರು. ನಮ್ಮ ಮೆದುಳಿನ ಮುಖ್ಯ ಬ್ರೇಕು ಗಾಬಾ ಅಂತ ಇವತ್ತು ಎಲ್ಲರೂ ಹೇಳ್ತಾರೆ. ಫಿಟ್ಸ್ ಬಂದವರಿಗೆ ಆಸ್ಪತ್ರೆಯಲ್ಲಿ ಕೊಡೋ ಡಯಾಜೆಪಾಮ್ ಆ ಬ್ರೇಕನ್ನೇ ಇನ್ನಷ್ಟು ಒತ್ತೋದು. ಅದರ ಮೊದಲ ಗಟ್ಟಿ ಸಾಕ್ಷಿ ಸಿಕ್ಕಿದ್ದು ಸಮುದ್ರದ ಪ್ರಾಣಿಯ ಸ್ನಾಯುವಿನಲ್ಲಿ.

ಈ ಕೆಲಸದಲ್ಲಿ ನಮ್ಮ ಘಟ್ಟದ ಒಂದು ಬಳ್ಳಿಗೂ ಪಾಲಿದೆ. ಕಾಕಮಾರಿ ಅಂತ ಕೇಳಿರಬಹುದು. ಅದರ ಬೀಜ ಅರೆದು ನಿಂತ ನೀರಿಗೆ ಹಾಕಿ ಮೀನು ಹಿಡಿಯೋದು ದಕ್ಷಿಣ ಭಾರತದಲ್ಲಿ ಹಳೇ ಪದ್ಧತಿ. ಮೀನು ಒದ್ದಾಡಿ, ತಿರುಗಿ, ಮೇಲೆ ತೇಲುತ್ತೆ. ಈ ಬೀಜ ಹಡಗು ಹತ್ತಿ ಯೂರೋಪಿಗೂ ಹೋಗಿ, 19ನೇ ಶತಮಾನದ ಇಂಗ್ಲೆಂಡಿನಲ್ಲಿ ಬಿಯರಿಗೆ ಕಲಬೆರಕೆ ಮಾಡೋಕೂ ಬಳಕೆಯಾಗಿತ್ತು. ಕಲಬೆರಕೆ ನಮ್ಮೂರಿನವರ ಆವಿಷ್ಕಾರ ಅಂತ ಯಾರೂ ಬೇಜಾರು ಮಾಡ್ಕೋಬೇಡಿ. ಅದರಲ್ಲಿರೋ ವಿಷ ಪಿಕ್ರೊಟಾಕ್ಸಿನ್. ಗಾಬಾ ತೆರೆಯೋ ಕ್ಲೋರೈಡ್ ಬಾಗಿಲಿಗೆ ಬೆಣೆ ಹೊಡೆದ ಹಾಗೆ ಕೂತ್ಕೊಳ್ಳುತ್ತೆ. ಏಡಿ ಜಾತಿಯ ಸ್ನಾಯುವಿಗೆ ಪಿಕ್ರೊಟಾಕ್ಸಿನ್ ಹಾಕಿದರೆ ಬ್ರೇಕ್ ನರ ಎಷ್ಟು ಮಿಡಿದರೂ ಬ್ರೇಕು ಹಿಡಿಯಲ್ಲ. ತಡೆ ಹೇಗೆ ಕೆಲಸ ಮಾಡುತ್ತೆ ಅಂತ ತಿಳಿಯೋಕೆ ವಿಜ್ಞಾನಿಗಳಿಗೆ ಇದಕ್ಕಿಂತ ಒಳ್ಳೇ ಉಪಕರಣ ಬೇಕಿರಲಿಲ್ಲ. ಕಾಕಮಾರಿಯನ್ನ ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ.

ಇನ್ನು ಆಕ್ಸಿಲರೇಟರ್ ರಸ. ನಮ್ಮಲ್ಲಿ ಅಸಿಟೈಲ್‌ಕೋಲಿನ್, ಜಿಗಣೆಯಲ್ಲೂ ಅದೇ. ಏಡಿಯಲ್ಲೂ ಅದೇ ಇರಬೇಕು ಅಂತ ಹುಡುಕಿದರು, ಸಿಗಲಿಲ್ಲ. 1959ರಲ್ಲಿ ಗ್ಲುಟಮೇಟ್ ಹಾಕಿದರೆ ಈ ಜಾತಿಯ ಸ್ನಾಯು ಬಿಗಿಯಾಗುತ್ತೆ ಅಂತ ಕಂಡರು. 1964ರಲ್ಲಿ ಜಪಾನಿನ ಟಾಕೆಯುಚಿ ದಂಪತಿ, ನರ ಬಂದು ಮುಟ್ಟೋ ಜಾಗಕ್ಕೆ ಮಾತ್ರ ಗ್ಲುಟಮೇಟ್ ಹನಿಸಿ, ಅಲ್ಲೇ ಸ್ನಾಯು ಸ್ಪಂದಿಸುತ್ತೆ ಅಂತ ತೋರಿಸಿದರು. ಗ್ಲುಟಮೇಟ್ ಅಂದ್ರೆ ಯಾವುದೋ ಅಪರೂಪದ ವಸ್ತು ಅಲ್ಲ. ಗೋಬಿ ಮಂಚೂರಿಗೆ ಹಾಕೋ ಅಜಿನೊಮೊಟೊ ಇದೆಯಲ್ಲ, ಅದೇ. (2024ರಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಗೆ ನಿಷೇಧಿಸಿದ್ದು ಕೃತಕ ಬಣ್ಣವನ್ನ, ಇದನ್ನಲ್ಲ.) ಅಡುಗೆಮನೆಯಲ್ಲೇ ಇರೋ, ಮೈಯ ಪ್ರತಿ ಕೋಶದಲ್ಲೂ ಇರೋ ಇಷ್ಟು ಸಾಧಾರಣ ವಸ್ತು ನರದ ಸಂದೇಶ ಒಯ್ಯುತ್ತೆ ಅಂತ ಬಹಳ ಜನ ಬಹಳ ಕಾಲ ನಂಬಲಿಲ್ಲ. ಮಿಡತೆಯಲ್ಲಿ ಅದೇ ಸಿಕ್ಕಿತು. 1976ರಲ್ಲಿ ಯೂ ನುಂಗ್ ಜಾನ್ ಮತ್ತು ಲಿಲಿ ಜಾನ್, ಹಣ್ಣಿನ ನೊಣದ ಮರಿಹುಳುವಿನ ಸ್ನಾಯುವಿನಲ್ಲೂ ಗ್ಲುಟಮೇಟೇ ಅಂತ ತೋರಿಸಿದರು.

ಈಗ ಗೊತ್ತಾಯ್ತಲ್ಲ, ಸೊಳ್ಳೆಯ ಮೆದುಳು ಅಂತ ಯಾಕೆ ಅಂದೆ ಅಂತ. ಕೀಟದಲ್ಲಿ ಲೆಕ್ಕ ಅದಲುಬದಲು. ನಮಗೆ ಸ್ನಾಯುವಿನಲ್ಲಿ ಅಸಿಟೈಲ್‌ಕೋಲಿನ್, ಮೆದುಳಿನಲ್ಲಿ ಹೆಚ್ಚು ಕೆಲಸ ಗ್ಲುಟಮೇಟಿನದು. ಕೀಟಕ್ಕೆ ಸ್ನಾಯುವಿನಲ್ಲಿ ಗ್ಲುಟಮೇಟ್, ಮೆದುಳಿನಲ್ಲಿ ಅಸಿಟೈಲ್‌ಕೋಲಿನ್. ನಿಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದ್ರೆ ಮೆಸೇಜು ಒಂದೇ, ಅದನ್ನ ಹ್ಯಾಂಡಲ್ ಮಾಡೋ ಕೋಡು ಎಲ್ಲಿ ಕೂತಿದೆ ಅನ್ನೋದು ಬೇರೆ. ರಾಸಾಯನಿಕಕ್ಕೆ ತನ್ನದೇ ಅರ್ಥ ಇಲ್ಲ. ಅರ್ಥ ಇರೋದು ಅದನ್ನ ಬರಮಾಡಿಕೊಳ್ಳೋ ಬಾಗಿಲಲ್ಲಿ.

ಈ ವ್ಯತ್ಯಾಸವನ್ನೇ ಔಷಧ ಮಾಡಿದ ಒಂದು ಚೆಂದದ ಉದಾಹರಣೆ ಇದೆ. ಹಿಂದೆ ಮಕ್ಕಳಿಗೆ ಜಂತುಹುಳಕ್ಕೆ ಪೈಪೆರಜೀನ್ ಸಿರಪ್ ಕೊಡ್ತಿದ್ದರು. ಜಂತುಹುಳದ ಸ್ನಾಯುವಿನ ಮೇಲೂ ಏಡಿಯ ಥರ ಗಾಬಾ ಬ್ರೇಕು ಇದೆ. ಪೈಪೆರಜೀನ್ ಗಾಬಾ ವೇಷದಲ್ಲಿ ಹೋಗಿ ಆ ಬ್ರೇಕು ಒತ್ತುತ್ತೆ, ಹುಳ ಮೆತ್ತಗಾಗಿ ಕರುಳಿನ ಹರಿವಿನ ಜೊತೆ ಹೊರಗೆ ಹೋಗುತ್ತೆ. ಮಗುವಿನ ಸ್ನಾಯುವಿನ ಮೇಲೆ ಅಂಥ ಬ್ರೇಕೇ ಇಲ್ಲ, ಹಾಗಾಗಿ ಮಗುವಿನ ಸ್ನಾಯು ಮೆತ್ತಗಾಗಲ್ಲ. ಇನ್ನೊಂದು ವಿಚಿತ್ರ ಹೇಳ್ತೀನಿ: ಜಂತುಹುಳದಲ್ಲಿ ನರ ಸ್ನಾಯುವಿನ ಹತ್ತಿರ ಬರಲ್ಲ, ಸ್ನಾಯುವಿನ ಕೋಶವೇ ಕೈ ಚಾಚಿ ನರದ ಹತ್ತಿರ ಹೋಗುತ್ತೆ.

ಈಗ ನಮ್ಮ ದೇಶದ ಕತೆ. 1950ರ ದಶಕದಲ್ಲಿ ಒಬೈದ್ ಸಿದ್ದಿಕಿ ಅನ್ನೋ ತರುಣ ಅಲಿಗಢದಲ್ಲಿ ಓದು ಮುಗಿಸಿದ್ದರು. ದೆಹಲಿಯ ಪೂಸಾದಲ್ಲಿ ಗೋಧಿಯ ಮೇಲೆ ಸಂಶೋಧನೆ ಮಾಡ್ತಿದ್ದಾಗ ಆಲಿಕಲ್ಲು ಮಳೆ ಬಿದ್ದು ಬೆಳೆಯೆಲ್ಲ ಹಾಳಾಯ್ತು, ಅದಾದ ಮೇಲೆ ಅವರು ಗೋಧಿ ಬಿಟ್ಟು ಸೂಕ್ಷ್ಮಜೀವಿಗಳ ಕಡೆ ತಿರುಗಿದರು ಅಂತ ಅವರ ಬಗ್ಗೆ ಒಂದು ಕತೆ ಹೇಳ್ತಾರೆ. (ಪೂಸಾ ಅನ್ನೋದು ಬಿಹಾರದ ಊರು. 1934ರ ಭೂಕಂಪದಲ್ಲಿ ಅಲ್ಲಿನ ಕಟ್ಟಡ ಬಿದ್ದ ಮೇಲೆ ಸಂಸ್ಥೆ ದೆಹಲಿಗೆ ಬಂತು, ಹೆಸರೂ ಜೊತೆಗೆ ಬಂತು. ನಮ್ಮ ಹಾಗೇ ವಲಸೆ.) ಸಿದ್ದಿಕಿ ಗ್ಲಾಸ್ಗೋದಲ್ಲಿ ಪಿಎಚ್‌ಡಿ ಮಾಡಿದರು, ಅಮೆರಿಕಕ್ಕೆ ಹೋದರು. 1962ರಲ್ಲಿ ಹೋಮಿ ಭಾಭಾ ಕರೆಸಿಕೊಂಡು ಮುಂಬಯಿಯ ಟಾಟಾ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯಾಲಜಿ ವಿಭಾಗ ಕಟ್ಟೋ ಕೆಲಸ ಕೊಟ್ಟರು.

1970ರ ದಶಕದಲ್ಲಿ ಸಿದ್ದಿಕಿ ಕ್ಯಾಲಿಫೋರ್ನಿಯಾದಲ್ಲಿ ಸೀಮೋರ್ ಬೆಂಜರ್ ಜೊತೆ ಕೆಲಸ ಮಾಡಿದರು. ಅವರ ಕೈಯಲ್ಲಿದ್ದದ್ದು ವಿಚಿತ್ರ ನೊಣಗಳು. ಸಾಮಾನ್ಯ ಉಷ್ಣಾಂಶದಲ್ಲಿ ಚೆನ್ನಾಗಿ ಓಡಾಡ್ತವೆ, ಸ್ವಲ್ಪ ಬಿಸಿ ಮಾಡಿದರೆ ದೊಪ್ಪನೆ ಬೀಳ್ತವೆ, ತಣ್ಣಗೆ ಮಾಡಿದರೆ ಎದ್ದು ಕೂರ್ತವೆ. ಜಪಾನಿ ಭಾಷೆಯಲ್ಲಿ ‘ಜೋಮು ಹಿಡಿದದ್ದು’ ಅನ್ನೋ ಅರ್ಥದ ‘ಶಿಬಿರೆ’ ಅನ್ನೋ ತಳಿ 29-30 ಡಿಗ್ರಿಗೇ ಬಿದ್ದುಹೋಗುತ್ತೆ. ದೆಹಲಿಯ ಮೇ ತಿಂಗಳಲ್ಲಿ ಇವು ಏಳೋದೇ ಇಲ್ಲ ಬಿಡಿ. ‘ಪ್ಯಾರಲಿಟಿಕ್’ ಅಂತ ಇನ್ನೊಂದು. ‘ಕೊಮಾಟೋಸ್’ ಅಂತ ಮೂರನೇದು, ಬಿದ್ದರೆ ಬೇಗ ಎಚ್ಚರವಾಗಲ್ಲ.

ಸಿದ್ದಿಕಿ ಮತ್ತು ಬೆಂಜರ್ ನೊಣದ ಹಾರೋ ಸ್ನಾಯುವಿನ ವಿದ್ಯುತ್ತನ್ನ ದಾಖಲಿಸ್ತಾ, ತಪ್ಪು ಎಲ್ಲಿದೆ ಅಂತ ಹುಡುಕಿದರು. ಬಗ್ ಹುಡುಕೋರಿಗೆ ಈ ದಾರಿ ಗೊತ್ತಿರುತ್ತೆ: ಸ್ನಾಯುವೇ ಕೆಟ್ಟಿದೆಯೋ, ನರ ಕೆಟ್ಟಿದೆಯೋ, ನಡುವಿನ ಸಂದಿಯಲ್ಲೋ? 1976ರ ಅವರ ಲೇಖನದ ತೀರ್ಮಾನ, ತೊಂದರೆ ನರದ ಕಡೆಗಿದೆ ಅಂತ. ಅದೇ ವರ್ಷ ಇಕೆಡಾ, ಒಝಾವಾ, ಹಾಗಿವಾರಾ ಶಿಬಿರೆ ನೊಣದಲ್ಲಿ ಇನ್ನೂ ನಿಖರವಾಗಿ ತೋರಿಸಿದರು. ಬಿಸಿಯಲ್ಲಿ ನರದಲ್ಲಿ ಮಿಡಿತ ಹರಿಯುತ್ತೆ, ಸ್ನಾಯುವೂ ಸರಿಯಿದೆ, ಆದ್ರೆ ಸಂದು ದಾಟೋ ಸಂದೇಶ ಮಾತ್ರ ಸತ್ತುಹೋಗುತ್ತೆ. ರಸ ತುಂಬಿದ ಚೀಲಗಳು ಖಾಲಿಯಾದ ಮೇಲೆ ಮತ್ತೆ ತುಂಬೋಕೆ ವಾಪಸ್ ಬರಬೇಕು, ಶಿಬಿರೆಯಲ್ಲಿ ಆ ವಾಪಸ್ ಬರೋ ದಾರಿ ಕಟ್ಟಾಗುತ್ತೆ.

ಸಿದ್ದಿಕಿ ಮುಂದೆ ಬೆಂಗಳೂರಿಗೆ ಬಂದು ಎನ್‌ಸಿಬಿಎಸ್ ಕಟ್ಟಿದರು. ಬಳ್ಳಾರಿ ರಸ್ತೆಯಲ್ಲಿ ಏರ್‌ಪೋರ್ಟಿಗೆ ಹೋಗ್ತಾ ಜಿಕೆವಿಕೆ ಗೇಟು ದಾಟ್ತೀರಲ್ಲ, ಅದರೊಳಗೆ. ಅವರ ಸಹೋದ್ಯೋಗಿ ಕೆ. ಎಸ್. ಕೃಷ್ಣನ್, ಮಣಿ ರಾಮಸ್ವಾಮಿ ಮತ್ತು ರೆಗಿಸ್ ಕೆಲ್ಲಿ 1994ರಲ್ಲಿ ನೊಣದ ಮರಿಹುಳುವಿನ ನರ-ಸ್ನಾಯು ಸಂದಿಗೆ ಹೊಳೆಯೋ ಬಣ್ಣ ಹಾಕಿ, ಆ ಚೀಲಗಳು ಹೋಗಿ ಬರೋದನ್ನ ಕಣ್ಣಾರೆ ನೋಡೋ ಹಾಗೆ ಮಾಡಿದರು. 2004ರಲ್ಲಿ ಗೈತಿ ಹಸನ್ ತಂಡ ಅದೇ ಎನ್‌ಸಿಬಿಎಸ್‌ನಿಂದ ಹಾರಲಾಗದ ಒಂದು ತಳಿಯ ಬಗ್ಗೆ ಬರೆಯಿತು. ಗಾಳಿ ಊದಿದಾಗ ಸಾಮಾನ್ಯ ನೊಣದ ಹಾರೋ ಸ್ನಾಯುವಿನಲ್ಲಿ ವಿದ್ಯುತ್ತಿನ ಲಯ ಶುರುವಾಗಿ ಮುಂದುವರಿಯುತ್ತೆ, ಇವುಗಳಲ್ಲಿ ಇಲ್ಲ. ಕೆಟ್ಟ ಜೀನನ್ನ ಸ್ನಾಯುವಿನಲ್ಲಲ್ಲ, ಕೆಲವು ನರಕೋಶಗಳಲ್ಲಿ ಮಾತ್ರ ಸರಿಪಡಿಸಿದಾಗ ನೊಣ ಹಾರಿತು.

ಕೊಮಾಟೋಸ್‌ನಲ್ಲಿ ಕೆಟ್ಟಿದ್ದ ಜೀನ್ ಎನ್‌ಎಸ್‌ಎಫ್ ಅನ್ನೋ ಪ್ರೋಟೀನಿನದು ಅಂತ 1990ರ ದಶಕದಲ್ಲಿ ಗೊತ್ತಾಯ್ತು. ಕೋಶದೊಳಗಿನ ಚೀಲಗಳ ಸಾಗಾಟಕ್ಕೆ 2013ರ ಅಕ್ಟೋಬರ್‌ನಲ್ಲಿ ನೊಬೆಲ್ ಬಂದಾಗ ಆ ಪ್ರೋಟೀನೂ ಆ ಕತೆಯ ಭಾಗವಾಗಿತ್ತು. ಸಿದ್ದಿಕಿ ಅದಕ್ಕೆ ಸುಮಾರು ಎರಡೂವರೆ ತಿಂಗಳ ಮೊದಲು, ಬೆಂಗಳೂರಿನಲ್ಲಿ ರಸ್ತೆ ಅಪಘಾತವಾಗಿ, ತೀರಿಕೊಂಡಿದ್ದರು.

ಪ್ಯಾರಲಿಟಿಕ್‌ನಲ್ಲಿ ಕೆಟ್ಟಿದ್ದು ನರದ ಸೋಡಿಯಂ ಬಾಗಿಲು. ನಿಮ್ಮ ಮನೆಯ ಪ್ಲಗ್ಗಿಗೆ ಚುಚ್ಚಿರೋ ಸೊಳ್ಳೆ ಲಿಕ್ವಿಡ್ ಇದೆಯಲ್ಲ, ಅದರ ಔಷಧ ಹೋಗಿ ಹಿಡಿಯೋದು ಇದೇ ಬಾಗಿಲನ್ನ. ಅದನ್ನ ಮುಚ್ಚೋಕೆ ಬಿಡಲ್ಲ, ಸೊಳ್ಳೆ ನಡುಗಿ ಬೀಳುತ್ತೆ. ದ್ವಾರಕಾ ಸೆಕ್ಟರ್ 8ರಲ್ಲಿರೋ ರಾಷ್ಟ್ರೀಯ ಮಲೇರಿಯಾ ಸಂಶೋಧನಾ ಸಂಸ್ಥೆಯವರು ದೆಹಲಿಯ ಡೆಂಗಿ ಸೊಳ್ಳೆ ಹಿಡಿದು ನೋಡಿದಾಗ, ಆ ಬಾಗಿಲಿನ ಜೀನಿನಲ್ಲಿ ಎರಡು ಬದಲಾವಣೆ ಸಿಕ್ಕಿದವು. ಒಂದು ಬೇರೆ ದೇಶಗಳಲ್ಲೂ ಕಂಡಿದ್ದು. ಇನ್ನೊಂದು ಅಲ್ಲಿಯವರೆಗೆ ಎಲ್ಲೂ ವರದಿಯಾಗದ್ದು. 2015ರಲ್ಲಿ ಪ್ರಕಟವಾಯ್ತು. ಲಿಕ್ವಿಡ್ ಹಾಕಿದರೂ ಸೊಳ್ಳೆ ಸಾಯಲ್ಲ ಅಂತ ಸೊಸೈಟಿ ಗ್ರೂಪಿನಲ್ಲಿ ಜಗಳವಾಡೋರು ಇದನ್ನೂ ಲೆಕ್ಕಕ್ಕೆ ತಗೊಳ್ಳಿ.

ಈಗ ಬ್ರೇಕಿಗೆ ವಾಪಸ್. ಡೀಲ್ಡ್ರಿನ್ ಅನ್ನೋ ಹಳೇ ಕೀಟನಾಶಕಕ್ಕೆ ಜಗ್ಗದ ಹಣ್ಣಿನ ನೊಣಗಳಿದ್ದವು. 1990ರ ದಶಕದ ಶುರುವಿನಲ್ಲಿ ಅವುಗಳ ಜೀನ್ ಹಿಡಿದಾಗ, ಅದು ಗಾಬಾ ತೆರೆಯೋ ಕ್ಲೋರೈಡ್ ಬಾಗಿಲಿನ ಜೀನ್ ಅಂತ ಗೊತ್ತಾಯ್ತು. ಒಂದೇ ಒಂದು ಅಮೈನೋ ಆಮ್ಲ ಬದಲಾಗಿ ವಿಷ ಕೂರಲಾರದೆ ಹೋಗಿತ್ತು. ಆ ನೊಣಗಳಿಗೆ ಪಿಕ್ರೊಟಾಕ್ಸಿನ್ ಕೂಡ ಅಷ್ಟಾಗಿ ನಾಟಲ್ಲ. ಅಂದ್ರೆ ಡೀಲ್ಡ್ರಿನ್ ಬೆಣೆ ಹೊಡೆಯೋದು ಕಾಕಮಾರಿ ಹೊಡೆಯೋ ಜಾಗಕ್ಕೇ. ಆ ಮನೆತನದ ಇನ್ನೊಂದು ವಿಷದ ಹೆಸರು ಎಂಡೋಸಲ್ಫಾನ್.

ಇಲ್ಲಿ ಪೈಪೆರಜೀನ್‌ನಂಥ ಅದೃಷ್ಟ ನಮಗಿಲ್ಲ. ನಮ್ಮ ಸ್ನಾಯುವಿನ ಮೇಲೆ ಗಾಬಾ ಬ್ರೇಕು ಇಲ್ಲ ನಿಜ, ಮೆದುಳಿನ ತುಂಬ ಇದೆ. ಬಾಗಿಲು ಹೆಚ್ಚುಕಡಿಮೆ ಅದೇ ಮಾದರಿ. ಎಂಡೋಸಲ್ಫಾನ್ ಮೈಗೆ ಸೇರಿದವರಿಗೆ ಫಿಟ್ಸ್ ಬರೋದು, ಅದಕ್ಕೆ ಡಯಾಜೆಪಾಮ್ ಜಾತಿಯ ಔಷಧ ಕೊಡೋದು ಈ ಕಾರಣಕ್ಕೆ. ಮೀನಿಗಂತೂ ಇದು ಘೋರ ವಿಷ, ಥೇಟ್ ಕಾಕಮಾರಿಯ ಹಾಗೆ.

ಕಾಸರಗೋಡಿನಲ್ಲಿ ಪ್ಲಾಂಟೇಶನ್ ಕಾರ್ಪೊರೇಶನ್ ಆಫ್ ಕೇರಳದ ಗೇರುತೋಟಗಳಿವೆ, ಸುಮಾರು 4,600 ಹೆಕ್ಟೇರ್. ಗೇರು ಚಿಗುರಿಗೆ ಬರೋ ಟೀ ಸೊಳ್ಳೆ ಅನ್ನೋ ತಿಗಣೆಯ ಕಾಟಕ್ಕೆ ಅಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಗುಡ್ಡದ ಮೇಲೆ ತೋಟ, ಕೆಳಗೆ ಕಣಿವೆಯಲ್ಲಿ ಕನ್ನಡ, ತುಳು ಮಾತಾಡೋ ಊರುಗಳು: ಎಣ್ಮಕಜೆ, ಪಡ್ರೆ, ಸ್ವರ್ಗ. ಊರಿನ ನೀರು ಬರೋದು ಆ ಗುಡ್ಡದಿಂದಲೇ. ಕರುಗಳು ಅಂಗವಿಕಲವಾಗಿ ಹುಟ್ಟಿದ್ದನ್ನ ನೋಡಿ ಶ್ರೀ ಪಡ್ರೆಯವರು 1980ರ ದಶಕದ ಶುರುವಿನಲ್ಲೇ ಪತ್ರಿಕೆಯಲ್ಲಿ ಬರೆದರು. ಅಲ್ಲೇ ವೈದ್ಯರಾಗಿದ್ದ ಡಾ. ವೈ. ಎಸ್. ಮೋಹನ ಕುಮಾರ್, ಇಷ್ಟು ಸಣ್ಣ ಊರಿನಲ್ಲಿ ಇಷ್ಟೊಂದು ಫಿಟ್ಸ್, ಬುದ್ಧಿಮಾಂದ್ಯ, ಕ್ಯಾನ್ಸರ್ ಯಾಕೆ ಅಂತ ಕೇಳ್ತಾ ಬಂದರು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಕಡೆಯಲ್ಲೂ ಇದೇ ಕತೆ, ಅಲ್ಲಿ ತೋಟ ಕರ್ನಾಟಕ ಸರ್ಕಾರದ ಗೇರು ನಿಗಮದ್ದು.

ಒಂದು ಮಾತು ನೇರವಾಗಿ ಹೇಳಬೇಕು. ಪಡ್ರೆಯ ಎಲ್ಲ ಕಾಯಿಲೆಗಳನ್ನೂ ಗಾಬಾ ಬಾಗಿಲೊಂದರಿಂದ ವಿವರಿಸೋಕೆ ಆಗಲ್ಲ. ಎಂಡೋಸಲ್ಫಾನ್ ಹಾರ್ಮೋನಿನ ವ್ಯವಸ್ಥೆಯಲ್ಲೂ ಕೈ ಆಡಿಸುತ್ತೆ. ಯಾವ ಮಗುವಿನ ಯಾವ ತೊಂದರೆಗೆ ಯಾವುದು ಕಾರಣ ಅನ್ನೋದರ ಮೇಲೆ ಸಮಿತಿಗಳ ಮೇಲೆ ಸಮಿತಿ ಕೂತು ಜಗಳವಾಡಿವೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ ಹುಡುಗರನ್ನ ಬೇರೆ ಊರಿನ ಹುಡುಗರ ಜೊತೆ ಹೋಲಿಸಿ, ಅವರ ರಕ್ತದಲ್ಲಿ ಎಂಡೋಸಲ್ಫಾನ್ ಹೆಚ್ಚಿದೆ, ಪ್ರಾಯಕ್ಕೆ ಬರೋದು ತಡವಾಗ್ತಿದೆ ಅಂತ 2003ರಲ್ಲಿ ಪ್ರಕಟಿಸಿದರು. ಆದ್ರೆ ನನಗೆ ಅನ್ನಿಸೋದು ಇಷ್ಟು: ಆ ವಿಷ ಬ್ರೇಕ್ ಬಾಗಿಲನ್ನ ಮುಚ್ಚುತ್ತೆ ಅಂತ 1980ರ ದಶಕಕ್ಕೇ ಪ್ರಯೋಗಾಲಯಗಳಿಗೆ ಗೊತ್ತಿತ್ತು, ಆ ಬಾಗಿಲು ನಮ್ಮ ತಲೆಯಲ್ಲೂ ಇದೆ ಅಂತಾನೂ ಗೊತ್ತಿತ್ತು. ಊರಿನ ಕುಡಿಯೋ ನೀರಿನ ಮೇಲೆ ಹೆಲಿಕಾಪ್ಟರ್ ಹಾರಿಸೋಕೆ ಮುಂಚೆ ಅನುಮಾನ ಬರೋಕೆ ಅಷ್ಟು ಸಾಲದಿತ್ತೇ? ರುಜುವಾತಿನ ಭಾರವನ್ನ ಪಡ್ರೆಯ ಜನ ಹೊತ್ತರು, ಸುರಿದವರಲ್ಲ.

ಭಾರತ ಆಗ ಜಗತ್ತಿನಲ್ಲೇ ಅತಿ ಹೆಚ್ಚು ಎಂಡೋಸಲ್ಫಾನ್ ತಯಾರಿಸೋ ದೇಶ. ತಯಾರಕರಲ್ಲಿ ಒಂದು ಹಿಂದುಸ್ತಾನ್ ಇನ್ಸೆಕ್ಟಿಸೈಡ್ಸ್, ಕೇಂದ್ರ ಸರ್ಕಾರದ್ದು, ಮುಖ್ಯ ಕಚೇರಿ ಇಲ್ಲೇ ದೆಹಲಿಯಲ್ಲಿ. ಜಾಗತಿಕ ನಿಷೇಧದ ಮಾತು ಬಂದಾಗೆಲ್ಲ ನಮ್ಮ ನಿಯೋಗ ವಿರೋಧಿಸ್ತಾ ಬಂತು. 2011ರ ಶುರುವಿನಲ್ಲಿ ಕರ್ನಾಟಕ ತಾನೇ ಬಳಕೆ ತಡೆಯಿತು. ಏಪ್ರಿಲ್‌ನಲ್ಲಿ ಜಿನೀವಾದಲ್ಲಿ, ಕೆಲವು ವಿನಾಯಿತಿಗಳೊಂದಿಗೆ, ಜಾಗತಿಕ ನಿಷೇಧ ಒಪ್ಪಿಗೆಯಾಯ್ತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಾದ್ಯಂತ ತಯಾರಿಕೆ, ಮಾರಾಟ, ಬಳಕೆ ಮೂರನ್ನೂ ನಿಲ್ಲಿಸಿತು. 2017ರ ಜನವರಿಯಲ್ಲಿ ಅದೇ ಕೋರ್ಟ್, ಪ್ರತಿ ಸಂತ್ರಸ್ತರಿಗೆ 5 ಲಕ್ಷ ರೂಪಾಯಿಯನ್ನ ಮೂರು ತಿಂಗಳೊಳಗೆ ಕೊಡಬೇಕು ಅಂತ ಕೇರಳ ಸರ್ಕಾರಕ್ಕೆ ಆದೇಶಿಸಿತು. 2022ರ ಮೇ ತಿಂಗಳಲ್ಲಿ ಪ್ರಕರಣ ಮತ್ತೆ ಬಂದಾಗ ಲೆಕ್ಕ ನೋಡಿದರು. ಪಟ್ಟಿಯಲ್ಲಿದ್ದವರು 3,704. ಹಣ ತಲುಪಿದ್ದು 8 ಜನಕ್ಕೆ.